ಕೊಡಿಗೇನಹಳ್ಳಿಗೆ ಬಂದ ಪುಸ್ತಕದ ಕನ್ನಡ

ನಾನು ಕನ್ನಡ ಮೇಡಂ ಆಗಿ ಇಪ್ಪತ್ತೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ ಒಂದು ವಾರವೂ ಸುಮ್ಮನೆ ಕಳೆದಿಲ್ಲ. ಕನ್ನಡದ ದೆಸೆಯಿಂದ ಆಗುವ ಎಡವಟ್ಟುಗಳೆಲ್ಲ ವಿಳಾಸ ಹುಡುಕಿಕೊಂಡು ನಮ್ಮ ಮನೆ ಬಾಗಿಲಿಗೇ ಬರುತ್ತವೆ. ಹಿಂದಿನ ಬೀದಿಯವರೊಬ್ಬರು ಮಗನ ಲಗ್ನಪತ್ರಿಕೆ ತಂದು, ತಪ್ಪಿದ್ದರೆ ತಿದ್ದಿಕೊಡಿ ಎಂದರು. ‘ವಧು’ ಎಂದಿರಬೇಕಾದ ಕಡೆಯಲ್ಲೆಲ್ಲ ‘ವಧೆ’ ಎಂದಿತ್ತು. ಕೆಂಪು ಪೆನ್ನು ಹಿಡಿದು ಅಷ್ಟೂ ತಿದ್ದಿಕೊಟ್ಟೆ. ಆಮೇಲೆ ಗೊತ್ತಾಯಿತು, ಅರ್ಧ ಊರಿಗೆ ಹಂಚಿ ಮುಗಿದ ಮೇಲೆ ತೋರಿಸಲು ತಂದಿದ್ದರು.

ಆದರೆ ಹೋದ ಜನವರಿಯಲ್ಲಿ ಬಂದಿದ್ದು ಮಾತ್ರ ಕಾಗದದಲ್ಲಿ ಬಂದ ಎಡವಟ್ಟಲ್ಲ. ಎರಡು ಕಾಲಿನ ಮೇಲೆ ನಡೆದುಕೊಂಡು, ಬೆನ್ನಿಗೊಂದು ಚೀಲ ಹಾಕಿಕೊಂಡು ಬಂತು.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ಬೆಂಗಳೂರಿನಲ್ಲಿ ಹೊರಗಿನವರಿಗೆ ಕನ್ನಡ ಕಲಿಸುತ್ತಾಳೆ. ಅವಳು ಫೋನ್ ಮಾಡಿ, ತನ್ನ ಹತ್ತಿರ ಜರ್ಮನಿಯ ಒಬ್ಬ ವಿದ್ಯಾರ್ಥಿನಿ ಇದ್ದಾಳೆ, ಹೆಸರು ಲೀನಾ, ಇಪ್ಪತ್ತೆರಡು ವರ್ಷ, ತನ್ನ ದೇಶದಲ್ಲಿ ವಯಸ್ಸಾದ ಮೇಷ್ಟ್ರೊಬ್ಬರಿಂದ ಅವರಿಗಿಂತ ವಯಸ್ಸಾದ ವ್ಯಾಕರಣದ ಪುಸ್ತಕ ಓದಿ ಕನ್ನಡ ಕಲಿತಿದ್ದಾಳೆ ಎಂದಳು. ನಾಲ್ಕು ತಿಂಗಳಿಗೆಂದು ಬೆಂಗಳೂರಿಗೆ ಬಂದ ಹುಡುಗಿ ಒಂದು ತಿಂಗಳಿಗೇ ಕುಗ್ಗಿಹೋಗಿದ್ದಳಂತೆ. ಅವಳು ಕನ್ನಡದಲ್ಲಿ ಏನು ಕೇಳಿದರೂ ಎಲ್ಲರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ. ಇಷ್ಟು ಕಷ್ಟಪಟ್ಟು ಕಲಿತ ಭಾಷೆಯನ್ನು ಯಾರೂ ನನ್ನ ಹತ್ತಿರ ಮಾತಾಡುವುದೇ ಇಲ್ಲ, ವಾಪಸ್ ಹೋಗಿ ಬೇರೆ ಭಾಷೆ ತೆಗೆದುಕೊಳ್ಳುತ್ತೇನೆ ಎಂದು ಅರ್ಜಿಯನ್ನೂ ಬರೆದು ಇಟ್ಟುಕೊಂಡಿದ್ದಳಂತೆ. ಶುಕ್ರವಾರ ಸಾಯಂಕಾಲದಿಂದ ಭಾನುವಾರದವರೆಗೆ ನಿಮ್ಮನೇಲಿ ಇಟ್ಟುಕೋ, ಯಾರೂ ಇಂಗ್ಲಿಷ್ ಮಾತಾಡಬಾರದು, ಅದೊಂದೇ ಷರತ್ತು ಎಂದಳು ಗೆಳತಿ.

ನನಗೆ ಕೇಳಿದರೆ ಅರ್ಥವಾಗುತ್ತದೆ ಅಷ್ಟೇ, ನಮ್ಮ ಮನೆಯಲ್ಲಿ ಇಂಗ್ಲಿಷ್ ಮಾತಾಡಲು ಬರುವವರಿಲ್ಲ, ಧೈರ್ಯವಾಗಿ ಕಳಿಸು ಎಂದೆ. ಮನೆಯಲ್ಲಿ ಇರುವವರು ಮೂರೇ ಜನ. ನಾನು, ಬಸ್‌ಸ್ಟ್ಯಾಂಡ್ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ನಮ್ಮ ಯಜಮಾನರು, ಮತ್ತು ನಮ್ಮತ್ತೆ. ಬೀದಿಗೆಲ್ಲ ಅವರು ಅಜ್ಜಿ, ನನಗೂ ಅದೇ ರೂಢಿಯಾಗಿದೆ.

ಮೂರನೇ ಪ್ಲಾಟ್‌ಫಾರಂ

ಲೀನಾ ಬೆಂಗಳೂರಿನಿಂದ ಮಧುಗಿರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಕೊಡಿಗೇನಹಳ್ಳಿಗೆ ಬರಬೇಕಿತ್ತು. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಏನಾಯಿತು ಎನ್ನುವುದನ್ನು ಆಮೇಲೆ ಅವಳೇ ಹೇಳಿದಳು.

ವಿಚಾರಣೆಯ ಕಿಟಕಿಯ ಹತ್ತಿರ ಹೋಗಿ ಕೈ ಮುಗಿದು, “ಮಾನ್ಯರೇ, ಕೊಡಿಗೇನಹಳ್ಳಿಗೆ ತೆರಳುವ ವಾಹನವು ಎಲ್ಲಿ ನಿಲ್ಲುತ್ತದೆ?” ಎಂದು ಕೇಳಿದಳಂತೆ.

ಒಳಗಿದ್ದವರು ತಲೆ ಎತ್ತಿ ನೋಡಿ, “ಪ್ಲಾಟ್‌ಫಾರಂ ನಂಬರ್ ತ್ರೀ” ಎಂದರು.

ಬೆಂಗಳೂರಿನ ಕಾಯಿಲೆ ಇಲ್ಲಿಗೂ ಬಂದಿದೆ ಎಂದುಕೊಂಡು ಹುಡುಗಿಗೆ ಅಳು ಬರುವುದೊಂದು ಬಾಕಿ. ಆದರೂ ಧೈರ್ಯ ಮಾಡಿ, ದಯವಿಟ್ಟು ಕನ್ನಡದಲ್ಲಿ ಹೇಳಿ, ನನಗೆ ಅರ್ಥವಾಗುತ್ತದೆ ಎಂದಳು.

“ಕನ್ನಡದಾಗೇ ಹೇಳಿದ್ದು ಕಣಮ್ಮ.”

“ಪ್ಲಾಟ್‌ಫಾರಂ, ನಂಬರ್, ತ್ರೀ. ಈ ಮೂರೂ ಆಂಗ್ಲ ಪದಗಳಲ್ಲವೇ?”

ಅವರು ಒಂದು ಗಳಿಗೆ ಯೋಚನೆ ಮಾಡಿದರು. ಸುಳ್ಳು ಹೇಳುವ ಮನುಷ್ಯ ಅಲ್ಲ.

“ಇರ್ಬೋದು ತಾಯಿ. ನಮ್ಗೆ ಯಾರೂ ಹೇಳಿರ್ಲಿಲ್ಲ. ಹುಟ್ಟಿದಾಗ್ನಿಂದ ಕನ್ನಡ ಅಂತಾನೇ ಮಾತಾಡ್ಕಂಡು ಬಂದ್ಬುಟ್ಟಿದೀವಿ.”

ಕುಡಿದೆ, ಬಿಟ್ಟೆ

ಮನೆಗೆ ಬಂದವಳು ಚೀಲ ಇಳಿಸುವ ಮೊದಲೇ ಅಜ್ಜಿಯ ಎದುರು ನಿಂತು, “ಅಜ್ಜಿ, ತಮಗೆ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಾ?” ಎಂದಳು. ಎಪ್ಪತ್ತಾರು ವರ್ಷದಲ್ಲಿ ಅಜ್ಜಿಯನ್ನು ಯಾರೂ ‘ತಾವು’ ಎಂದಿರಲಿಲ್ಲ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತರು. ಆಮೇಲೆ ಅಡುಗೆಮನೆಗೆ ಬಂದು, ಈ ಹುಡುಗಿ ಯಾವ ನಾಟಕದ ಕಂಪನಿಯವಳು ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಲೀನಾ ಎನ್ನುವ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. ಲೀಲಾ ಮಾಡಿಕೊಂಡರು.

ಅಜ್ಜಿಯ ಪ್ರೀತಿ ಲೋಟದ ಅಳತೆಯಲ್ಲಿ ಇರುತ್ತದೆ. ದೊಡ್ಡ ಹಿತ್ತಾಳೆ ಲೋಟದ ತುಂಬ ಎಮ್ಮೆ ಹಾಲು ಕಾಯಿಸಿ ತಂದು ಅವಳ ಕೈಗೆ ಕೊಟ್ಟು, “ಕುಡ್ದ್ಬುಡು ತಾಯಿ, ಆರೋಯ್ತದೆ” ಎಂದರು. ಲೀನಾ ಎರಡು ಗುಟುಕು ಕುಡಿದು ಲೋಟವನ್ನು ನೆಲದ ಮೇಲೆ ಇಟ್ಟು ಕೈ ಕಟ್ಟಿ ಕೂತಳು. ಅಜ್ಜಿಯ ಮುಖ ಬಾಡಿತು. ಸಕ್ಕರೆ ಕಮ್ಮಿಯಾಯಿತೇನೋ ಎಂದು ಕೇಳಿದರು.

“ಇಲ್ಲ ಅಜ್ಜಿ, ಹಾಲು ರುಚಿಯಾಗಿದೆ. ತಾವು ಕುಡಿದು ಬಿಡು ಎಂದಿರಿ. ಕುಡಿದೆ. ಬಿಟ್ಟೆ.”

ಇದು ನನ್ನ ಇಲಾಖೆಯ ವಿಷಯ. ನಾನು ಅಲ್ಲೇ ಕೂತು, ಇನ್ನೊಂದು ಕ್ರಿಯಾಪದದ ಬಾಲಕ್ಕೆ ‘ಬಿಡು’ ಅಂಟಿಕೊಂಡರೆ ಅದಕ್ಕೆ ಬಿಡುವ ಅರ್ಥ ಇರುವುದಿಲ್ಲ, ಕೆಲಸ ಪೂರ್ತಿಯಾಯಿತು ಎಂದು ಗಟ್ಟಿಯಾಗಿ ಹೇಳಲು ಅದನ್ನು ಸೇರಿಸುತ್ತೇವೆ, ನಮ್ಮ ಕಡೆ ಅದೇ ‘ಬುಡು’ ಆಗುತ್ತದೆ ಎಂದು ವಿವರಿಸಿದೆ. ಹುಡುಗಿ ಚುರುಕು. ತಕ್ಷಣ ಹಿಡಿದುಕೊಂಡಳು. ಹಾಲನ್ನೂ ಪೂರ್ತಿ ಕುಡಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಈ ‘ಬಿಡು’ ಅವಳಿಗೆ ಎಷ್ಟು ಹಿಡಿಸಿತೆಂದರೆ ಕೈಗೆ ಸಿಕ್ಕ ಕ್ರಿಯಾಪದಕ್ಕೆಲ್ಲ ಅಂಟಿಸತೊಡಗಿದಳು.

ಮಾರನೆಯ ಬೆಳಿಗ್ಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಸೋಪು ಹಿಡಿದುಕೊಂಡು ಬಚ್ಚಲ ಕಡೆ ಹೊರಟವಳು, ಒಲೆಯ ಮುಂದೆ ಕೂತಿದ್ದ ಅಜ್ಜಿಗೆ, “ಅಜ್ಜಿ, ನಾನು ಸ್ನಾನ ಮಾಡಿಬಿಟ್ಟೆ” ಎಂದು ಹೇಳಿ, ಬದಲು ಬಟ್ಟೆ ತರಲು ಒಳಗೆ ಹೋದಳು. ಚೀಲವನ್ನೆಲ್ಲ ಬಿಚ್ಚಿ ಹುಡುಕಿ ಅವಳು ವಾಪಸ್ ಬರುವ ಹೊತ್ತಿಗೆ ಒಲೆ ಆರಿತ್ತು, ಹಂಡೆ ಬರಿದಾಗಿತ್ತು, ಅಜ್ಜಿ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಿಸಿಲಿಗೆ ಕೂತಿದ್ದರು. ಜನವರಿಯ ಚಳಿಯಲ್ಲಿ ಹುಡುಗಿ ನಲ್ಲಿ ನೀರು ಹುಯ್ದುಕೊಂಡಳು. ಯಾಕೆ ಹೀಗೆ ಮಾಡಿದಿರಿ ಎಂದು ನಾನು ಕೇಳಿದ್ದಕ್ಕೆ ಅಜ್ಜಿಗೆ ಕೋಪವೇ ಬಂತು.

“ಮಾಡ್ಬುಟ್ಟೆ ಅಂತ ಅವ್ಳೇ ಹೇಳ್ಬುಟ್ಲು, ಅದ್ಕೆ ನಾನು ಮುಗಿಸ್ಬುಟ್ಟೆ. ನೀನೇ ಅಲ್ವಾ ಬುಡು ಅಂದ್ರೆ ಪೂರ್ತಿ ಆಯ್ತು ಅಂತ ಹೇಳ್ಕೊಟ್ಟಿದ್ದು?”

ಹೆಡ್‌ಮಾಸ್ಟರ ಭಾಷಣ

ಶನಿವಾರ ಬೆಳಗಿನ ಶಾಲೆ. ಲೀನಾಳನ್ನು ಜೊತೆಗೆ ಕರೆದುಕೊಂಡು ಹೋದೆ. ವಿದೇಶದಿಂದ ಅತಿಥಿ ಬರುತ್ತಾರೆಂದು ನಾನು ಮೊದಲೇ ತಿಳಿಸಿದ್ದರಿಂದ ನಮ್ಮ ಹೆಡ್‌ಮಾಸ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ರಾರ್ಥನೆ ಮುಗಿದ ಕೂಡಲೇ ಮೈಕು ಹಿಡಿದರು. ಇಂಗ್ಲಿಷ್ ಮೇಷ್ಟ್ರಿಂದ ಒಂದು ಸ್ವಾಗತ ಭಾಷಣ ಬರೆಸಿಕೊಂಡು ಅದನ್ನು ಮೂರು ದಿನದಿಂದ ಬಾಯಿಪಾಠ ಮಾಡಿದ್ದರು. ಎರಡು ವಾಕ್ಯ ಆಗಿತ್ತೋ ಇಲ್ಲವೋ, ಲೀನಾ ಕೈ ಮುಗಿದು, ಕ್ಷಮಿಸಬೇಕು, ನಾನು ಇಲ್ಲಿ ಇಂಗ್ಲಿಷ್ ಕೇಳುವುದಿಲ್ಲ, ಮಾತನಾಡುವುದೂ ಇಲ್ಲ, ಅದು ನನ್ನ ವ್ರತ ಎಂದಳು.

ಬೇರೆ ಯಾರಾದರೂ ಆಗಿದ್ದರೆ ಗೆದ್ದೆನೆಂದು ಕನ್ನಡಕ್ಕೆ ಇಳಿಯುತ್ತಿದ್ದರು. ನಮ್ಮ ಹೆಡ್‌ಮಾಸ್ಟರಿಗೆ ಮೂರು ದಿನದ ಶ್ರಮ ಕಣ್ಣ ಮುಂದೆ ಬಂತು. ನನ್ನನ್ನು ಪಕ್ಕಕ್ಕೆ ಕರೆದು, “ಮೇಡಂ, ನಾನು ಬಿಡೋನಲ್ಲ. ಕಲಿತಿದ್ದು ವೇಸ್ಟ್ ಆಗ್ತದೆ. ನಾನು ಹೇಳ್ತಾ ಹೋಗ್ತೀನಿ, ನೀವು ಕನ್ನಡ ಮಾಡಿ” ಎಂದರು. ಹಾಗಾಗಿ ಕನ್ನಡ ಬರುವ ಹೆಡ್‌ಮಾಸ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು, ಇಂಗ್ಲಿಷ್ ಬರುವ ಜರ್ಮನಿ ಹುಡುಗಿಗೆ ನಾನು ಒಂದೊಂದೇ ವಾಕ್ಯ ಕನ್ನಡ ಮಾಡಿ ಹೇಳಿದೆ. ಇಂಗ್ಲಿಷ್ ಮೇಷ್ಟ್ರು ತಾವು ಬರೆದದ್ದಕ್ಕೆ ಇಷ್ಟೊಂದು ಅರ್ಥವಿದೆ ಎಂದು ಆವತ್ತೇ ತಿಳಿದುಕೊಂಡಂತೆ ತಲೆದೂಗುತ್ತಿದ್ದರು.

ಆಮೇಲೆ ಹತ್ತನೇ ತರಗತಿಗೆ ಹೋದೆವು. ಆವತ್ತು ಸಮಾಸದ ಪಾಠ. ನಿಮ್ಮ ಭಾಷೆಯಲ್ಲೂ ಸಮಾಸ ಇದೆಯಾ ಎಂದು ಹುಡುಗಿಯೊಬ್ಬಳು ಕೇಳಿದಳು. ಲೀನಾ ಹುರುಪಿನಿಂದ ಎದ್ದು, ಕಪ್ಪು ಹಲಗೆಯ ಈ ತುದಿಯಿಂದ ಬರೆಯಲು ಹಿಡಿದು ಆ ತುದಿಗೆ ಬಂದು ನಿಂತಳು. ಇದು ಒಂದೇ ಪದ, ಆರು ಪದಗಳು ಸೇರಿ ಆಗಿದೆ, ನಮ್ಮಲ್ಲಿ ಇಂಥವು ಸಾವಿರಾರು ಎಂದಳು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಆ ಹುಡುಗಿ ಮತ್ತೆ ಎದ್ದು ನಿಂತು, ಪರೀಕ್ಷೆಯಲ್ಲಿ ಇದನ್ನು ಬಿಡಿಸಿ ಬರೆದು ಸಮಾಸ ಹೆಸರಿಸಿ ಎಂದು ಕೇಳುತ್ತಾರಾ ಎಂದಳು. ಇಲ್ಲ, ನಮ್ಮಲ್ಲಿ ಯಾರೂ ಹಾಗೆ ಕೇಳುವುದಿಲ್ಲ ಎಂದಳು ಲೀನಾ.

ಅವತ್ತಿನಿಂದ ನಮ್ಮ ಹತ್ತನೇ ತರಗತಿಯ ಮೂವತ್ತೆಂಟು ಮಕ್ಕಳಿಗೂ ಮುಂದೆ ಏನಾಗಬೇಕೆಂದು ಕೇಳಿದರೆ ಒಂದೇ ಉತ್ತರ. ಏನಾದರೂ ಪರವಾಗಿಲ್ಲ, ಜರ್ಮನಿಯಲ್ಲಿ ಆಗಬೇಕು.

ಬತ್ತೀನಿ

ಮಧ್ಯಾಹ್ನ ಎದುರು ಮನೆಯ ಹೆಂಗಸು ಲೀನಾಳನ್ನು ನೋಡಲು ಬಂದರು. ಜಗಲಿಯ ಮೇಲೆ ಅರ್ಧ ಗಂಟೆ ಕೂತು, ಕಾಫಿ ಕುಡಿದು, ಅವಳ ಕೂದಲಿಗೆ ಯಾವ ಎಣ್ಣೆ ಹಾಕುತ್ತಾಳೆಂದು ಕೇಳಿ, ಹಾಕುವುದೇ ಇಲ್ಲ ಎಂದಾಗ ಮರುಗಿ, “ಬತ್ತೀನಿ ಕಣಮ್ಮ” ಎಂದು ಎದ್ದು ಹೋದರು. ನಾನು ಒಳಗೆ ಬಂದು ಉತ್ತರಪತ್ರಿಕೆ ತಿದ್ದಲು ಕೂತೆ.

ಒಂದು ಗಂಟೆ ಬಿಟ್ಟು ಹೊರಗೆ ಬಂದರೆ ಲೀನಾ ಇನ್ನೂ ಜಗಲಿಯಲ್ಲೇ ಇದ್ದಾಳೆ. ಎದುರಿಗೆ ಕುರ್ಚಿ ಒರೆಸಿ ಇಟ್ಟಿದ್ದಾಳೆ, ಪಕ್ಕದಲ್ಲಿ ಒಂದು ಚೊಂಬು ನೀರು. ಯಾಕೆ ಬಿಸಿಲಲ್ಲಿ ಕೂತಿದ್ದೀಯ ಎಂದರೆ, ಅವರು ಬರುತ್ತೇನೆ ಎಂದು ಹೇಳಿ ಹೋಗಿದ್ದಾರೆ, ಕಾಯುತ್ತಿದ್ದೇನೆ ಎಂದಳು. ನಾನು ನಕ್ಕು, ನಮ್ಮಲ್ಲಿ ಹಾಗೆಂದರೆ ಏನರ್ಥ ಎಂದು ಹೇಳುವಷ್ಟರಲ್ಲಿ ಅವಳು ಬೀದಿ ದಾಟಿ ಅವರ ಹಿತ್ತಲಿಗೇ ಹೋಗಿಬಿಟ್ಟಿದ್ದಳು.

“ತಾವು ಬರುತ್ತೇನೆ ಎಂದಿರಿ. ಬರಲಿಲ್ಲ. ತಮಗೇನಾದರೂ ತೊಂದರೆಯಾಯಿತೇ?”

ಪಾತ್ರೆ ತೊಳೆಯುತ್ತಿದ್ದವರು ಗಾಬರಿಯಾಗಿ, ಇದೇನೋ ನಾನು ಮಾತು ತಪ್ಪಿದೆನಲ್ಲ ಎಂದು ಕೈ ಒರೆಸಿಕೊಂಡು ಅವಳ ಹಿಂದೆಯೇ ಬಂದರು. ಮತ್ತೆ ಕುರ್ಚಿ, ಮತ್ತೆ ಕಾಫಿ. ಮಾತಾಡುವುದೆಲ್ಲ ಮೊದಲ ಸುತ್ತಿನಲ್ಲೇ ಮುಗಿದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರು. ಕೊನೆಗೆ ಅವರು ಎದ್ದು ನಿಂತು ಅಭ್ಯಾಸಬಲದಿಂದ ಬತ್ತೀನಿ ಎಂದರು. ಲೀನಾಳ ಮುಖ ಅರಳಿತು. “ಎಷ್ಟು ಗಂಟೆಗೆ?” ಎಂದಳು.

ಆಕೆ ಸಿಕ್ಕಿಹಾಕಿಕೊಂಡರು. ಹೋಗುತ್ತೇನೆ ಎನ್ನುವ ಹಾಗಿಲ್ಲ, ಮನೆಯ ಹೊಸ್ತಿಲಲ್ಲಿ ನಿಂತು ಅಂಥ ಮಾತು ಆಡಬಾರದು. ಬರುತ್ತೇನೆ ಎಂದರೆ ಗಂಟೆ ಹೇಳಬೇಕು. ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ಉತ್ತರಪತ್ರಿಕೆ ನೋಡಿದೆ. ಕೊನೆಗೆ ನಾಳೆ ಬೆಳಿಗ್ಗೆ ಎಂದು ಹೇಳಿ ತಪ್ಪಿಸಿಕೊಂಡರು.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಯಾರೋ ಬಾಗಿಲು ಬಡಿದರು. ತೆಗೆದರೆ ಶಾಲು ಹೊದ್ದುಕೊಂಡು ಅವರೇ ನಿಂತಿದ್ದಾರೆ. “ಏನೂ ಕೆಲ್ಸ ಇಲ್ಲ ಮೇಡಂ. ಮಾತು ಕೊಟ್ಬುಟ್ಟಿದ್ದೆ, ಬಂದೆ. ಇವತ್ತು ಏನೂ ಹೇಳ್ದಂಗೆ ಎದ್ದೋಗ್ತೀನಿ, ತಪ್ಪು ತಿಳ್ಕಬ್ಯಾಡಿ.”

ಕೃಷ್ಣಮೃಗ

ಇದು ಚಿಕ್ಕದು. ಶನಿವಾರ ಸಾಯಂಕಾಲ ನಮ್ಮ ಯಜಮಾನರು ಕಾರು ತೆಗೆದು, ಜಯಮಂಗಲಿ ಹೊಳೆಯ ಕಡೆ ಇರುವ ಹುಲ್ಲುಗಾವಲಿಗೆ ನಮ್ಮನ್ನು ಕರೆದುಕೊಂಡು ಹೋದರು. ಅಲ್ಲಿ ಜಿಂಕೆಗಳ ಹಿಂಡು ಇರುತ್ತದೆ. ದಾರಿಯಲ್ಲಿ ಕುರಿ ಕಾಯುತ್ತಿದ್ದ ವಯಸ್ಸಾದವರೊಬ್ಬರು ಸಿಕ್ಕರು. ನಾನೇ ಕೇಳುತ್ತೇನೆ ಎಂದು ಲೀನಾ ಇಳಿದು ಹೋಗಿ, “ಹಿರಿಯರೇ, ಇಲ್ಲಿ ಕೃಷ್ಣಮೃಗಗಳು ಗೋಚರಿಸುತ್ತವೆಯೇ?” ಎಂದಳು.

ಅವರು ಕೋಲಿಗೆ ಗಲ್ಲ ಊರಿಕೊಂಡು ಯೋಚಿಸಿ, ಕೃಷ್ಣನ ಗುಡಿ ಈ ಕಡೆ ಇಲ್ಲ, ಆಂಜಪ್ಪನದು ಒಂದಿದೆ ಎಂದರು. ಅವರ ಬೆನ್ನ ಹಿಂದೆ ಮೂವತ್ತೋ ನಲವತ್ತೋ ಕೃಷ್ಣಮೃಗಗಳು ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದವು. ನಾನು ಕಾರಿನಿಂದಲೇ, ಜಿಂಕೆ ಕಣಣ್ಣ, ಆ ಕರೇ ಜಿಂಕೆಗೆ ಪುಸ್ತಕದಲ್ಲಿ ಹಾಗನ್ನುತ್ತಾರೆ ಎಂದೆ.

ಅವರು ಹಿಂತಿರುಗಿ ಹಿಂಡನ್ನು ಹೊಸದಾಗಿ ನೋಡುವವರಂತೆ ನೋಡಿದರು. “ಇವ್ಕಾ? ದಿನಾ ನಮ್ ಕಳ್ಳೇಕಾಯಿ ಹೊಲ್ದಾಗೆ ಬಿದ್ದಿರ್ತವೆ. ಇಷ್ಟು ದೊಡ್ಡ ಹೆಸ್ರೈತೆ ಅಂತ ಗೊತ್ತಿದ್ದಿದ್ರೆ ಕಲ್ಲು ಹೊಡೀದೆ ಮರ್ಯಾದೆಯಾಗಿ ಓಡಿಸ್ತಿದ್ದೆ.”

ನಾಲ್ಕು ಪ್ರಶ್ನೆಗಳು

ಭಾನುವಾರ ಕೊರಟಗೆರೆಯಲ್ಲಿ ನಮ್ಮ ನಾದಿನಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅದು ಲೀನಾ ಬರುವುದಕ್ಕಿಂತ ಮೊದಲೇ ಗೊತ್ತಾಗಿದ್ದ ದಿನ. ಅವಳಿಗೂ ಕೊರಟಗೆರೆಯಿಂದಲೇ ಬೆಂಗಳೂರಿಗೆ ಬಸ್ಸಿದ್ದುದರಿಂದ ನಾವು ಮೂವರೂ ಅವಳನ್ನು ಕರೆದುಕೊಂಡು ಹೊರಟೆವು.

ನಾದಿನಿಯ ಮಗಳು ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಕೆಲಸದಲ್ಲಿದ್ದಾಳೆ. ದಿನಕ್ಕೆ ಐವತ್ತು ಜನಕ್ಕೆ ಸೂಜಿ ಚುಚ್ಚಿ ರಕ್ತ ತೆಗೆಯುವವಳು, ಹೆದರುವ ಪೈಕಿಯಲ್ಲ. ಆದರೆ ಹಿಂದೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೊದಲನೆಯವರು ಎಲ್ಲ ಒಪ್ಪಿ, ಚಪ್ಪಲಿ ಹಾಕಿಕೊಳ್ಳುವಾಗ, ಕೆಲಸ ಬಿಡಬೇಕಾಗುತ್ತದೆ ಎಂದರು. ಯಾಕೆ ಎಂದು ಇವಳು ಕೇಳಿದಳು. ಆ ಒಂದು ‘ಯಾಕೆ’ಗೇ ಹುಡುಗಿಗೆ ಬಾಯಿ ಜಾಸ್ತಿ ಎಂದು ಊರೆಲ್ಲ ಹೇಳಿಕೊಂಡು ಹೋದರು. ಎರಡನೆಯ ಗಂಡು ಬಾಯಿಯನ್ನೇ ಬಿಡಲಿಲ್ಲ, ಅವನ ಪರವಾಗಿ ಅವನ ಸೋದರಮಾವನೇ ಎಲ್ಲದಕ್ಕೂ ಉತ್ತರ ಕೊಟ್ಟ. ಮದುವೆ ಯಾರ ಜೊತೆ ಎಂದು ಇವಳು ಕೇಳಿದ್ದರಿಂದ ಅದೂ ಹೋಯಿತು. ಹಾಗಾಗಿ ಈ ಸಲ ನಾದಿನಿ ಮಗಳಿಂದ ಭಾಷೆ ತೆಗೆದುಕೊಂಡಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುವುದು, ತಾನಾಗಿ ಒಂದು ಮಾತೂ ಕೇಳಕೂಡದು. ನಾದಿನಿಯ ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು. ಇದೂ ತಪ್ಪಿದರೆ ಜನ ಏನನ್ನುತ್ತಾರೋ ಎನ್ನುವ ಚಿಂತೆಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದಳು.

ಗಂಡಿನ ಕಡೆಯವರು ಬರಲು ಒಂದು ಗಂಟೆ ತಡವಾಯಿತು. ಅಷ್ಟು ಹೊತ್ತೂ ಲೀನಾ ಒಳಗಿನ ಕೋಣೆಯಲ್ಲಿ ಹುಡುಗಿಯ ಜೊತೆ ಇದ್ದಳು. ಬಾಗಿಲು ಹಾಕಿತ್ತು, ನಗು ಕೇಳುತ್ತಿತ್ತು. ಒಳ್ಳೆಯದೇ ಆಯಿತು, ಹುಡುಗಿಗೆ ಧೈರ್ಯ, ಇವಳಿಗೆ ಕನ್ನಡದ ಅಭ್ಯಾಸ ಎಂದುಕೊಂಡೆ.

ಗಂಡು ಪಾವಗಡ ತಾಲ್ಲೂಕಿನ ಬಲಸಮುದ್ರದವನು. ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ಬಿಸಿಲಿಗೆ ಕಪ್ಪಾದ, ಮೆತ್ತಗಿನ ಹುಡುಗ. ಜೊತೆಗೆ ತಾಯಿ, ದೊಡ್ಡಪ್ಪ. ಆ ಕಡೆಯವರಿಗೆ ಕನ್ನಡ ತೆಲುಗು ಎರಡೂ ಒಂದೇ ಉಸಿರಲ್ಲಿ ಬರುತ್ತವೆ. ತಾಯಿ ನಮ್ಮ ಹತ್ತಿರ ಕನ್ನಡದಲ್ಲಿ, ಮಗನ ಹತ್ತಿರ ತೆಲುಗಿನಲ್ಲಿ ಮಾತಾಡುತ್ತಿದ್ದರು. ಹುಡುಗಿ ಬಂದು, ಕಾಫಿ ಕೊಟ್ಟು, ತಲೆ ಬಗ್ಗಿಸಿ ಚಾಪೆಯ ಮೇಲೆ ಕೂತಳು. ಏನು ಓದಿದ್ದೀಯಮ್ಮ, ಎಷ್ಟು ವರ್ಷದಿಂದ ಕೆಲಸ ಎಂದು ದೊಡ್ಡಪ್ಪ ಕೇಳಿದರು. ಅವಳು ಕೇಳಿದಷ್ಟಕ್ಕೆ ಉತ್ತರ ಕೊಟ್ಟಳು. ನಾದಿನಿ ಉಸಿರು ಬಿಟ್ಟಳು. ಕೊನೆಗೆ ದೊಡ್ಡಪ್ಪ ಟವೆಲ್ಲು ಕೊಡವಿಕೊಂಡು, “ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ಕೇಳ್ಬುಡಿ, ಆಮ್ಯಾಕೆ ಮಾತು ಬರಬಾರ್ದು” ಎಂದರು.

ನಮ್ಮಲ್ಲಿ ಆ ಮಾತಿಗೆ ಏಳೋಣವೇ ಎಂದಷ್ಟೇ ಅರ್ಥ. ಯಾರೂ ಏನನ್ನೂ ಕೇಳುವುದಿಲ್ಲ.

ಲೀನಾ ಎದ್ದು ನಿಂತು ಕೈ ಮುಗಿದಳು. “ಕ್ಷಮಿಸಿ. ನನ್ನಲ್ಲಿ ನಾಲ್ಕು ಪ್ರಶ್ನೆಗಳಿವೆ.”

ನಮ್ಮ ಯಜಮಾನರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನಾದಿನಿಯ ಕೈಯಲ್ಲಿದ್ದ ತಟ್ಟೆ ಓರೆಯಾಗಿ ಒಂದು ಬಾಳೆಹಣ್ಣು ಉರುಳಿತು. ಲೀನಾ ಮಡಿಸಿದ ಕಾ‌ಗದವೊಂದನ್ನು ಬಿಚ್ಚಿ ಗಂಡಿನ ಕಡೆ ತಿರುಗಿ ಓದಿದಳು.

“ವರ ಮಹಾಶಯರೇ, ತಮಗೆ ಅಡುಗೆ ಬರುತ್ತದೆಯೇ?”

ದೊಡ್ಡಪ್ಪ ನನ್ನ ಕಡೆ ತಿರುಗಿ, ಏನಂತೆ ಮೇಡಂ ಎಂದರು. ನಾನು ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಸೇರಿಸಿ, ಏನಿಲ್ಲ, ಅಡುಗೆ ಹಿಡಿಸಿತಾ ಅಂತ ಕೇಳುತ್ತಿದ್ದಾಳೆ ಎಂದೆ. ಲೀನಾ ವಿನಯದಿಂದ ನನ್ನನ್ನು ತಿದ್ದಿದಳು. “ಅಲ್ಲ ಮೇಡಂ. ‘ಬರುತ್ತದೆಯೇ’ ಎಂದೆ. ‘ಹಿಡಿಸಿತೇ’ ಎನ್ನಲಿಲ್ಲ.”

ಗಂಡು ಕೆಮ್ಮಿದ. ಆಮೇಲೆ ನೇರವಾಗಿಯೇ ಹೇಳಿದ. ಕೆಲಸದ ಜಾಗದಲ್ಲಿ ಗೆಳೆಯರ ಜೊತೆ ರೂಮಿನಲ್ಲಿದ್ದಾಗ ಕಲಿತೆ, ಅನ್ನ, ಬೇಳೆ ಸಾರು, ಮೊಟ್ಟೆ ಸಾರು ಬರುತ್ತದೆ, ಮುದ್ದೆ ಮಾತ್ರ ಗಂಟಾಗುತ್ತದೆ ಎಂದ. ಅವನ ತಾಯಿ ಮಗನನ್ನು ಬೇರೆ ಯಾರೋ ಎಂಬಂತೆ ನೋಡಿದರು. “ಏಮ್ರಾ, ಮನೇಲಿ ಒಂದು ಲೋಟ ನೀರು ಬಗ್ಗಿಸ್ಕಂಡು ಕುಡಿಯಲ್ಲ ನೀನು.” ನಮ್ಮಜ್ಜಿ ನನ್ನ ಕಿವಿಗೆ ಬಗ್ಗಿ, ನಮ್ಮ ಕಾಲದಲ್ಲಿ ಇದನ್ನು ಕೇಳಿದ್ದರೆ ನಿಮ್ಮ ಮಾವ ಕಾಫಿ ಅರ್ಧಕ್ಕೇ ಬಿಟ್ಟು ಓಡುತ್ತಿದ್ದರು ಎಂದರು.

ಎರಡನೆಯ ಪ್ರಶ್ನೆ. “ವಿವಾಹದ ನಂತರ ವಧು ಉದ್ಯೋಗವನ್ನು ತ್ಯಜಿಸಬೇಕೇ?”

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ನೋಡಮ್ಮ, ಅದು ಏನೂ ಅಂದ್ರೆ ಎಂದು ಶುರುಮಾಡಿದರು. ಲೀನಾ ಕೈ ಮುಗಿದು, ಕ್ಷಮಿಸಿ, ಈ ಪ್ರಶ್ನೆ ವರನಿಗೆ ಎಂದಳು. ದೊಡ್ಡಪ್ಪ ಬಾಯಿ ಮುಚ್ಚಿಕೊಂಡರು. ಇಷ್ಟು ಮರ್ಯಾದೆಯ ಕನ್ನಡದಲ್ಲಿ ಅವರನ್ನು ಯಾರೂ ಸುಮ್ಮನಿರಿಸಿರಲಿಲ್ಲ ಎಂದು ಕಾಣುತ್ತದೆ, ಸಿಟ್ಟು ಮಾಡಿಕೊಳ್ಳಲೂ ತೋಚಲಿಲ್ಲ. ಗಂಡು ಹೇಳಿದ, “ಬ್ಯಾಡ. ಪಾವಗಡದಾಗೂ ಲ್ಯಾಬ್ ಅವೆ. ಕಲ್ತ ಕೆಲ್ಸ ಯಾಕೆ ಬಿಡ್ಬೇಕು.”

ಚಾಪೆಯ ಮೇಲೆ ಕೂತವಳು ಒಂದು ಚೂರು ತಲೆ ಎತ್ತಿದಳು.

ಮೂರನೆಯದು, ತಮಗೆ ಏನಾದರೂ ದುರಭ್ಯಾಸಗಳಿವೆಯೇ ಎಂಬುದು. ಗಂಡು ತುಂಬಾ ಹೊತ್ತು ಯೋಚಿಸಿ, ಬೀಡಿ ಸಿಗರೇಟು ಕುಡಿತ ಯಾವುದೂ ಇಲ್ಲ, ಗೊರಕೆ ಹೊಡೆಯುತ್ತೇನೆ ಎಂದ. ಲೀನಾ ನನ್ನ ಕಡೆ ತಿರುಗಿ, ಗೊರಕೆ ಎಂದರೇನು, ಅದು ನನ್ನ ನಿಘಂಟಿನಲ್ಲಿ ಇಲ್ಲ ಎಂದಳು. ನಾನು ವಿವರಿಸಲು ಪದ ಹುಡುಕುತ್ತಿದ್ದಾಗ ದೊಡ್ಡಪ್ಪ, ತಮ್ಮ ಕಾಲ ಮತ್ತೆ ಬಂತೆಂಬ ಸಂತೋಷದಲ್ಲಿ, ಕಣ್ಣು ಮುಚ್ಚಿ, ಗೋಡೆಗೆ ಒರಗಿ, ಪೂರ್ತಿ ಮೂರು ಉಸಿರಿನಷ್ಟು ಹೊಡೆದು ತೋರಿಸಿದರು. ಲೀನಾ ಅದನ್ನು ಗಂಭೀರವಾಗಿ ಕೇಳಿಸಿಕೊಂಡು, ಧನ್ಯವಾದಗಳು, ಅರ್ಥವಾಯಿತು ಎಂದಳು.

ಅಷ್ಟು ಹೊತ್ತಿಗೆ ಎಲ್ಲರೂ ಸಡಿಲವಾಗಿದ್ದರು. ನಾದಿನಿ ಕೂಡ ಉರುಳಿದ ಬಾಳೆಹಣ್ಣು ಎತ್ತಿಕೊಂಡಳು. ಲೀನಾ ಕೊನೆಯ ಪ್ರಶ್ನೆ ಓದಿದಳು.

“ಈ ವಧು ತಮಗೆ ಒಪ್ಪಿಗೆಯೇ? ಅಥವಾ ತಮ್ಮ ಮನೆಯವರಿಗೆ ಒಪ್ಪಿಗೆಯಾದುದರಿಂದ ತಮಗೂ ಒಪ್ಪಿಗೆಯೇ?”

ಗಂಡು ತಾಯಿಯ ಮುಖ ನೋಡಿದ. “ನನ್ ಯಾಕೆ ನೋಡ್ತೀಯ? ಕೇಳಿದ್ದು ನಿನ್ನ. ಚೆಪ್ಪರಾ” ಎಂದರು ಆಕೆ.

“ನಂಗೆ ಒಪ್ಗೆ” ಎಂದ. ಆಮೇಲೆ ಚಾಪೆಯ ಕಡೆ ನೋಡಿ, “ಅವ್ರಿಗೆ ಹೆಂಗೋ” ಎಂದ.

ಈಗ ಅವಳನ್ನೇ ಕೇಳಿದಂತಾಯಿತು. ಕೇಳಿದ್ದಕ್ಕೆ ಉತ್ತರ ಕೊಡಬಹುದು ಎಂದು ಅಮ್ಮನಿಗೆ ಕೊಟ್ಟ ಭಾಷೆಯಲ್ಲೇ ಇತ್ತು. ನಮ್ಮ ಹುಡುಗಿ ಪೂರ್ತಿ ತಲೆ ಎತ್ತಿ, “ಮುದ್ದೆ ಗಂಟಾಗ್ದಂಗೆ ಕಲ್ತ್ಕಂಡ್ರೆ ನಂಗೂ ಒಪ್ಗೆ” ಎಂದಳು.

ಎಲ್ಲರಿಗಿಂತ ಮೊದಲು ನಕ್ಕವರು ಗಂಡಿನ ತಾಯಿ. ಅಲ್ಲೇ ಎಲೆ ಅಡಿಕೆ ತರಿಸಿ ಮಾತು ಮುಗಿಸಿದರು. ಹೊರಡುವಾಗ ದೊಡ್ಡಪ್ಪ ನನ್ನ ಹತ್ತಿರ ಬಂದು, ಆ ಹುಡುಗಿ ಎಂಥಾ ಚೆಂದ ಕನ್ನಡ ಮಾತಾಡುತ್ತಾಳೆ, ನಮ್ಮ ಹುಡುಗರು ಇವಳನ್ನು ನೋಡಿ ಕಲಿಯಬೇಕು ಎಂದು ಮನಸಾರೆ ಹೊಗಳಿದರು.

ಸಾಯಂಕಾಲ ಲೀನಾಳನ್ನು ಬಸ್ಸು ಹತ್ತಿಸಲು ಹೋದೆ. ಬೇರೆ ಭಾಷೆ ತೆಗೆದುಕೊಳ್ಳುವ ಅರ್ಜಿ ಏನಾಯಿತು ಎಂದು ಕೇಳಿದೆ. ಅದನ್ನು ಕೊಡುವುದಿಲ್ಲ, ಎರಡು ದಿನದಲ್ಲಿ ಒಬ್ಬರೂ ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಲಿಲ್ಲ, ಮದುವೆಗೂ ಇದ್ದು ಹೋಗುತ್ತೇನೆ ಎಂದಳು. ಅವಳ ಕಣ್ಣು ತುಂಬಿದ್ದವು. ನನಗೂ ಹೆಮ್ಮೆಯಾಯಿತು. ಇಂಥ ನಾಲ್ಕು ಪ್ರಶ್ನೆ ಯೋಚಿಸಿ, ಇಷ್ಟು ಶುದ್ಧವಾಗಿ ಬರೆದುಕೊಂಡು ಬಂದಳಲ್ಲ, ಅದೂ ಪರದೇಶದ ಹುಡುಗಿ.

ವಾಪಸ್ ಬಂದು ನಾದಿನಿಯ ಮನೆಯಲ್ಲಿ ಚಾಪೆ ಸುತ್ತುವಾಗ ಆ ಕಾಗದ ಸಿಕ್ಕಿತು. ನೆನಪಿಗೆ ಇಟ್ಟುಕೊಳ್ಳೋಣವೆಂದು ಬಿಡಿಸಿದೆ. ನಾಲ್ಕೂ ಪ್ರಶ್ನೆಗಳು ನೀಟಾಗಿ ಇದ್ದವು. ಆದರೆ ಅಕ್ಷರ ಅವಸರದಲ್ಲಿ ಒಂದಕ್ಕೊಂದು ಕೂಡಿಸಿ ಬರೆದದ್ದು. ಲೀನಾ ಬರೆಯುವುದು ಅಚ್ಚಿನಂಥ ಬಿಡಿ ಅಕ್ಷರ. ಕಾಗದ ತಿರುಗಿಸಿದೆ. ಹಿಂದೆ ಹೀಮೋಗ್ಲೋಬಿನ್, ಸಕ್ಕರೆ, ರಕ್ತದ ಗುಂಪು ಎಂದು ಸಾಲಾಗಿ ಅಚ್ಚಾಗಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ರಿಪೋರ್ಟು ಬರೆದುಕೊಡುವ ಹಾಳೆ.

ಕಾಗದ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ನಾದಿನಿಯ ಮಗಳು ಕಟ್ಟೆಯ ಮೇಲೆ ಕೂತು, ಉಳಿದ ಉಪ್ಪಿಟ್ಟನ್ನು ಆರಾಮಾಗಿ ತಿನ್ನುತ್ತಿದ್ದಳು. ನನ್ನ ಕೈ ನೋಡಿ ನಕ್ಕಳು.

“ಏನ್ ಮಾಡೋದು ಅತ್ತೆ. ಇದನ್ನೇ ನಾನು ಕೇಳಿದ್ರೆ ಬಾಯ್ಬಡುಕಿ ಅಂತಿದ್ರು. ಅವ್ಳು ಕೇಳಿದ್ಲು, ಕನ್ನಡ ಎಷ್ಟು ಚೆಂದ ಮಾತಾಡ್ತಾಳೆ ಅಂದ್ರು.”